ಲಿಂಕ್ ದೀಪ ಉರಿದರೂ ಪಿಂಗ್ ಬರದಿದ್ದಾಗ

ಹೊಸ ಬೋರ್ಡಿನಲ್ಲಿ ಈಥರ್ನೆಟ್ ಓಡಿಸುವಾಗ ನಾನು ಮೊದಲಿಗೆ ಐಪಿ ವಿಳಾಸದ ತಂಟೆಗೇ ಹೋಗುವುದಿಲ್ಲ. ಮಲ್ಟಿಮೀಟರ್ ಮತ್ತು ಆಸಿಲೋಸ್ಕೋಪ್ ಹಿಡಿದು ತಳದಿಂದ ಶುರು ಮಾಡುತ್ತೇನೆ.

ಈಚೆಗೆ ಕೈಗೆ ಬಂದ ಬೋರ್ಡಿನಲ್ಲಿ ಎಸ್‌ಟಿಎಂ32ಎಫ್407 ಕಂಟ್ರೋಲರ್ ಇತ್ತು. ಅದರೊಳಗೆ ಮ್ಯಾಕ್ ಇದೆ. ಫ್ರೇಮ್ (ಡೇಟಾದ ಒಂದು ಕಟ್ಟು) ಕಳಿಸುವುದು, ತಪ್ಪು ಪತ್ತೆಗೆ ಸಿಆರ್‌ಸಿ ಅನ್ನುವ ಸಂಖ್ಯೆ ಸೇರಿಸುವುದು ಅದರ ಕೆಲಸ. ಕೇಬಲ್ಲಿಗೆ ಸಿಗ್ನಲ್ ಬಿಡಲು ಮಾತ್ರ ಇನ್ನೊಂದು ಚಿಪ್ ಬೇಕು. ಅದನ್ನು ಫೈ ಅಂತೀವಿ. ನಮ್ಮದು ಎಲ್‌ಎಎನ್8720ಎ. 100 ಎಂಬಿಪಿಎಸ್‌ನಲ್ಲಿ ಇದು ಪ್ರತಿ 4 ಬಿಟ್‌ಗಳನ್ನು 5 ಮಾಡಿ, ಮೂರು ವೋಲ್ಟೇಜ್ ಮಟ್ಟಗಳ ಸಿಗ್ನಲ್ಲಾಗಿಸಿ, ಟ್ರಾನ್ಸ್‌ಫಾರ್ಮರ್ ಮೂಲಕ ಕೇಬಲ್ಲಿಗೆ ಕಳಿಸುತ್ತದೆ.

ಮ್ಯಾಕ್ ಮತ್ತು ಫೈ ನಡುವೆ ಎರಡು ಬೇರೆ ಬೇರೆ ದಾರಿಗಳಿವೆ. ಡೇಟಾ ಹೋಗುವುದು ಆರ್‌ಎಂಐಐ ಗೆರೆಗಳಲ್ಲಿ: ಒಂದೊಂದು ದಿಕ್ಕಿಗೆ 2 ಬಿಟ್, 50 ಮೆಗಾಹರ್ಟ್ಸ್ ಕ್ಲಾಕ್. ಫೈ ರಿಜಿಸ್ಟರ್‌ಗಳನ್ನು (ಚಿಪ್ಪಿನ ಸ್ಥಿತಿ, ಸೆಟ್ಟಿಂಗ್ ಇರುವ ಪುಟ್ಟ ಮೆಮೊರಿ ಜಾಗಗಳು) ಓದಿ ಬರೆಯಲು ಎಂಡಿಐಒ ಅನ್ನುವ ನಿಧಾನದ ದಾರಿ. ಒಂದು ಸರಿಯಿದೆ ಅಂದಮಾತ್ರಕ್ಕೆ ಇನ್ನೊಂದೂ ಸರಿಯಿದೆ ಅಂತಲ್ಲ.

3.3 ವೋಲ್ಟ್, ಚಿಪ್ಪಿನ ಒಳಗಿನ 1.2 ವೋಲ್ಟ್, ರೀಸೆಟ್, 25 ಮೆಗಾಹರ್ಟ್ಸ್ ಕ್ರಿಸ್ಟಲ್ ಎಲ್ಲ ಸರಿಯಿದ್ದವು. ಆಮೇಲೆ ಎಂಡಿಐಒದಲ್ಲಿ 2 ಮತ್ತು 3ನೇ ರಿಜಿಸ್ಟರ್ ಓದಿದೆ. ಅಲ್ಲಿ ಚಿಪ್ಪಿನ ಗುರುತು ಇರುತ್ತದೆ. ಎಫ್‌ಎಫ್‌ಎಫ್‌ಎಫ್ (ಎಲ್ಲ ಬಿಟ್‌ಗಳೂ 1) ಬಂದರೆ ನಾವು ಕೇಳಿದ ಎಂಡಿಐಒ ವಿಳಾಸದಲ್ಲಿ ಯಾರೂ ಉತ್ತರ ಕೊಡುತ್ತಿಲ್ಲ, ಗೆರೆಯನ್ನು 1ರಲ್ಲಿ ಹಿಡಿದಿಡುವ ಪುಲ್‌ಅಪ್ ಮಾತ್ರ ಕಾಣುತ್ತಿದೆ ಅಂತ ಅರ್ಥ. ಆಗ 0ಯಿಂದ 31ರ ತನಕ ಎಲ್ಲ ವಿಳಾಸಗಳನ್ನೂ ಒಂದು ಲೂಪಿನಲ್ಲಿ ಹುಡುಕಬೇಕು. ನನಗೆ 0007 ಬಂತು, ಫೈ ಸಿಕ್ಕಿತು. ಲಿಂಕ್ ಬಂದಿದೆಯಾ ಅಂತ ಹೇಳುವುದು 1ನೇ ರಿಜಿಸ್ಟರಿನ 2ನೇ ಬಿಟ್. ಇದನ್ನು ಎರಡು ಸಲ ಓದಿ. ಲಿಂಕ್ ಒಮ್ಮೆ ಕಡಿದಿದ್ದರೆ, ಓದುವ ತನಕ ಆ ಬಿಟ್ 0 ಆಗಿಯೇ ಇರುತ್ತದೆ. ಮೊದಲ ಓದು ಹಳೆಯ ಸುದ್ದಿ.

ಲಿಂಕ್ ಬಂದಿತ್ತು, ದೀಪವೂ ಉರಿಯುತ್ತಿತ್ತು. ಆದರೆ ಪ್ರೋಗ್ರಾಮ್ ಮ್ಯಾಕ್ ರೀಸೆಟ್‌ನಲ್ಲೇ ನಿಂತುಬಿಡುತ್ತಿತ್ತು. ಇಲ್ಲಿ ತುಂಬ ಜನ ಸುಮ್ನೆ ಕೋಡ್ ತಿದ್ದುತ್ತಾ ಕೂರುತ್ತಾರೆ. ಲಿಂಕ್ ಅನ್ನುವುದು ಕೇಬಲ್ಲಿನ ಎರಡು ತುದಿಯ ಫೈಗಳು ತಮ್ಮತಮ್ಮಲ್ಲೇ ಮಾಡಿಕೊಳ್ಳುವ ಒಪ್ಪಂದ. ನಮ್ಮ ಕಂಟ್ರೋಲರ್‌ಗೆ ಅದರಲ್ಲಿ ಪಾತ್ರವೇ ಇಲ್ಲ. ಫೈ ರೀಸೆಟ್‌ನಿಂದ ಹೊರಬಂದಿದ್ದರೆ, ಕಂಟ್ರೋಲರ್‌ನಲ್ಲಿ ಪ್ರೋಗ್ರಾಮೇ ಇಲ್ಲದಿದ್ದರೂ ದೀಪ ಉರಿಯಬಹುದು. ಈ ಮ್ಯಾಕ್‌ನ ರೀಸೆಟ್ ಮುಗಿಯಬೇಕಾದರೆ ಮಾತ್ರ ಆರ್‌ಎಂಐಐ ಕ್ಲಾಕ್ ಬರಲೇಬೇಕು.

ಹಾಗಾಗಿ ನೇರ 50 ಮೆಗಾಹರ್ಟ್ಸ್ ಗೆರೆಗೆ ಪ್ರೋಬ್ ಇಟ್ಟೆ. ಈ ಫೈ ಆ ಕ್ಲಾಕನ್ನು ಹೊರಗೆ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವುದು ರೀಸೆಟ್ ಹೊತ್ತಿನಲ್ಲಿ ಎರಡನೇ ಎಲ್‌ಇಡಿ ಪಿನ್ ನೋಡಿ. ಅದು ಸರಿಯಿತ್ತು, ಫೈ ಪಿನ್ನಿನಲ್ಲಿ ಕ್ಲಾಕ್ ಇತ್ತು. ಕಂಟ್ರೋಲರ್ ಪಿನ್ನಿನಲ್ಲಿ ಇರಲಿಲ್ಲ. ನಡುವಿನ 33 ಓಮ್ ರೆಸಿಸ್ಟರಿನ ಒಂದು ತುದಿಗೆ ಬೆಸುಗೆ ಹಿಡಿದಿರಲಿಲ್ಲ.

ಬೆಸುಗೆ ಹಾಕಿದ ಮೇಲೂ ತಕ್ಷಣ ಪಿಂಗ್ (ನೆಟ್‌ವರ್ಕಿನಲ್ಲಿ ಉತ್ತರ ಬರುತ್ತದಾ ಅಂತ ನೋಡುವ ಪರೀಕ್ಷೆ) ಮಾಡಲಿಲ್ಲ. 0ನೇ ರಿಜಿಸ್ಟರಿನ 14ನೇ ಬಿಟ್ ಹಾಕಿ ಲೂಪ್‌ಬ್ಯಾಕ್ ಮಾಡಿದೆ. ಕಳಿಸಿದ ಫ್ರೇಮ್ ಫೈನಿಂದಲೇ ತಿರುಗಿ ಬಂತು. ಅಲ್ಲಿಗೆ ಮ್ಯಾಕ್‌ನಿಂದ ಫೈನ ಡಿಜಿಟಲ್ ಭಾಗದ ತನಕ ಡೇಟಾ ದಾರಿ ಸರಿ ಅಂತ ಆಯ್ತಲ್ವಾ? ಆಮೇಲೆ ಬಿಟ್ ತೆಗೆದು ಸ್ವಿಚ್ಚಿಗೆ ಹಾಕಿದೆ, ಪಿಂಗ್‌ಗೆ ಉತ್ತರ ಬಂತು. ಮುಂದಿನ ಲೇಔಟ್‌ನಲ್ಲಿ ಕಂಟ್ರೋಲರ್ ಪಿನ್ನಿನ ಪಕ್ಕದಲ್ಲೇ ಆ ಕ್ಲಾಕ್‌ಗೆ ಒಂದು ಪುಟ್ಟ ಟೆಸ್ಟ್ ಪಾಯಿಂಟ್ ಸೇರಿಸಿದ್ದೇನೆ.