ಗರ್ಭನಿರೋಧಕ ಮಾತ್ರೆ ಮತ್ತು ಮನಸ್ಸಿನ ಏರಿಳಿತ: ಗಮನಿಸುವುದು ಹೇಗೆ?

ಗರ್ಭನಿರೋಧಕ ಮಾತ್ರೆ ಶುರುಮಾಡಿದ ಮೇಲೆ ಕಾರಣವಿಲ್ಲದೆ ಅಳು ಬರುತ್ತದೆ, ಸಿಡುಕು ಹೆಚ್ಚಾಗಿದೆ ಎನ್ನುವ ಹೆಣ್ಣುಮಕ್ಕಳಿಗೆ ‘ಎಲ್ಲ ನಿಮ್ಮ ಭ್ರಮೆ’ ಎಂಬ ಉತ್ತರವೂ ಸರಿಯಲ್ಲ, ‘ಎಲ್ಲ ಮಾತ್ರೆಯದೇ ತಪ್ಪು’ ಎಂಬ ತೀರ್ಪೂ ಸರಿಯಲ್ಲ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್‌ನಲ್ಲಿರುವ ಎರಡು ಹಾರ್ಮೋನುಗಳನ್ನೇ (ಲೆವೊನಾರ್ಜೆಸ್ಟ್ರೆಲ್, ಎಥಿನೈಲ್ ಎಸ್ಟ್ರಡೈಯಾಲ್) ಸ್ವೀಡನ್ನಿನಲ್ಲಿ 340 ಆರೋಗ್ಯವಂತ ಮಹಿಳೆಯರ ಮೇಲೆ ಮೂರು ತಿಂಗಳು ಪರೀಕ್ಷಿಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಔಷಧವಿಲ್ಲದ ಹುಸಿಮಾತ್ರೆ ಪಡೆದವರಿಗೆ ಹೋಲಿಸಿದರೆ ಹಾರ್ಮೋನ್ ಮಾತ್ರೆ ಪಡೆದವರಲ್ಲಿ ಒಟ್ಟಾರೆ ನೆಮ್ಮದಿ ತುಸು ಕುಗ್ಗಿತ್ತು. ಖಿನ್ನತೆ ಮಾತ್ರ ಗಣನೀಯವಾಗಿ ಹೆಚ್ಚಿರಲಿಲ್ಲ. ಅದು ಸರಾಸರಿಯ ಮಾತು. ನಿಮ್ಮ ದೇಹದ ಲೆಕ್ಕವನ್ನು ನೀವೇ ಇಡಬೇಕು.

ಸಾಧ್ಯವಾದರೆ ಮಾತ್ರೆ ಆರಂಭಿಸುವ ಹಿಂದಿನ ತಿಂಗಳಿನಿಂದಲೇ ಬರೆಯಲು ತೊಡಗಿ, ಆಮೇಲೆ ಕನಿಷ್ಠ ಎರಡು ಮೂರು ಮಾತ್ರೆ ಪಟ್ಟಿ (ಸ್ಟ್ರಿಪ್) ಮುಗಿಯುವವರೆಗೆ ಮುಂದುವರಿಸಿ. ಗೋಡೆಯ ಕ್ಯಾಲೆಂಡರೇ ಸಾಕು. ರಾತ್ರಿ ಮಲಗುವ ಮುನ್ನ ಬೇಸರ ಮತ್ತು ಸಿಡುಕಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು, ನಿದ್ರೆಯ ಗಂಟೆಗಳನ್ನೂ ಆ ದಿನದ ಮುಖ್ಯ ಸಂಗತಿಯನ್ನೂ ಸೇರಿಸಿ: ‘9ನೇ ಮಾತ್ರೆ, ಬೇಸರ 1, ಸಿಡುಕು 3, ನಿದ್ರೆ 4 ಗಂಟೆ, ಮಗುವಿಗೆ ಜ್ವರ.’ ಈ ಕೊನೆಯ ಎರಡು ಪದಗಳನ್ನು ಬಿಟ್ಟರೆ ಆ ದಿನದ ಸಿಡುಕೆಲ್ಲ ಮಾತ್ರೆಯ ಖಾತೆಗೆ ಹೋಗುತ್ತದೆ.

ಓದುವಾಗ ದಿನಗಳ ಸ್ಥಾನ ನೋಡಿ. ಮಾಲಾ-ಎನ್ ಪಟ್ಟಿಯಲ್ಲಿ 21 ಹಾರ್ಮೋನ್ ಮಾತ್ರೆಗಳೂ 7 ಕಬ್ಬಿಣಾಂಶದ ಮಾತ್ರೆಗಳೂ ಇರುತ್ತವೆ. ತೊಂದರೆ ಆ ಏಳು ದಿನಗಳಲ್ಲೇ ಗುಂಪುಗೂಡಿದ್ದರೆ ಹಾರ್ಮೋನ್ ಇಳಿದದ್ದು ಕಾರಣವಿರಬಹುದು. ಹಾರ್ಮೋನಿಲ್ಲದ ಆ ಬಿಡುವನ್ನು ಕಡಿಮೆ ಮಾಡಬಹುದೇ ಎಂದು ವೈದ್ಯರನ್ನು ಕೇಳಿ. ಹಾರ್ಮೋನ್ ದಿನಗಳುದ್ದಕ್ಕೂ ಹರಡಿ ಬಿಡುವಿನಲ್ಲಿ ತಗ್ಗುವುದಾದರೆ ಬೇರೆ ಬಗೆಯ ಮಾತ್ರೆಯನ್ನು ಪರಿಗಣಿಸಬಹುದು. ಹಿಂದಿನ ತಿಂಗಳಲ್ಲೂ ಹಾಗೆಯೇ ಇತ್ತೆಂದಾದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ವಿಷಯದಲ್ಲಿ ಹೆಚ್ಚಿನವರು ದಾರಿ ತಪ್ಪುತ್ತಾರೆ. ಮಾತ್ರೆಯ ಮೂಲಕ ಬಾಯಿಂದ ಹೋದ ಈಸ್ಟ್ರೊಜೆನ್ (ಇಲ್ಲಿ ಎಥಿನೈಲ್ ಎಸ್ಟ್ರಡೈಯಾಲ್) ಯಕೃತ್ತಿನಲ್ಲಿ ಕಾರ್ಟಿಸಾಲ್ ಅನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನಿನ ಉತ್ಪಾದನೆಯನ್ನು ಹೆಚ್ಚಿಸುವುದರಿಂದ ರಕ್ತಪರೀಕ್ಷೆಯಲ್ಲಿ ಒಟ್ಟು ಕಾರ್ಟಿಸಾಲ್ ಏರಿದಂತೆ ಕಾಣುತ್ತದೆ. ಆದರೆ ಕೆಲಸ ಮಾಡುವುದು ಪ್ರೋಟೀನಿಗೆ ಅಂಟದೆ ಉಳಿದ ಭಾಗ ಮಾತ್ರ. ಅಪರಿಚಿತರ ಮುಂದೆ ಭಾಷಣ ಮಾಡಿಸಿ, ಬಾಯಿಲೆಕ್ಕ ಕೇಳುವ ಪ್ರಯೋಗಗಳಲ್ಲಿ ಮಾತ್ರೆ ಸೇವಿಸುವವರ ಜೊಲ್ಲಿನ ಕಾರ್ಟಿಸಾಲ್ ಉಳಿದವರಿಗಿಂತ ಕಡಿಮೆ ಏರುವುದೂ ಕಂಡುಬಂದಿದೆ. ಹಾಗಾಗಿ ಮನಸ್ಸು ಕುಗ್ಗಿದೆಯೆಂದು ನೀವೇ ಪ್ರಯೋಗಾಲಯಕ್ಕೆ ಹೋಗಿ ಈ ಪರೀಕ್ಷೆ ಮಾಡಿಸುವುದು ಹಣದಂಡ. ಬೇರೆ ಕಾಯಿಲೆಗಾಗಿ ವೈದ್ಯರೇ ಬರೆದುಕೊಟ್ಟಿದ್ದರೆ ಮಾತ್ರೆಯ ವಿಷಯವನ್ನು ಮೊದಲೇ ತಿಳಿಸಿ.

ಸ್ತ್ರೀರೋಗ ತಜ್ಞರ ಬಳಿ ಹೋಗುವಾಗ ಬರಹವನ್ನೂ ಖಾಲಿ ಪಟ್ಟಿಯನ್ನೂ ಒಯ್ಯಿರಿ. ಹಿಂದೆ ಖಿನ್ನತೆ ಇತ್ತೇ, ಯಾವ ಔಷಧ ನಡೆಯುತ್ತಿದೆ ಎಂಬುದನ್ನು ಕೇಳದಿದ್ದರೂ ಹೇಳಿ: ಮೂರ್ಛೆರೋಗಕ್ಕೂ ಬೈಪೋಲಾರ್ ಕಾಯಿಲೆಗೂ ಕೊಡುವ ಲ್ಯಾಮೊಟ್ರಿಜಿನ್ ತೆಗೆದುಕೊಳ್ಳುವವರಲ್ಲಿ ಈಸ್ಟ್ರೊಜೆನ್ ಆ ಔಷಧದ ಮಟ್ಟವನ್ನು ಇಳಿಸುತ್ತದೆ. ಹಾರ್ಮೋನೇ ಬೇಡವೆನ್ನುವವರಿಗೆ ಕಾಪರ್-ಟಿ ಇದೆ. ಅಂತರಾ ಎಂಬ ಗರ್ಭನಿರೋಧಕ ಹಾರ್ಮೋನ್ ಚುಚ್ಚುಮದ್ದಿನ ಪ್ರಭಾವ ಮೂರು ತಿಂಗಳಾದರೂ ಇರುತ್ತದೆ, ಕೊಟ್ಟ ಮೇಲೆ ಹಿಂದೆ ತೆಗೆಯಲಾಗದು. ಈಗಾಗಲೇ ಮನಸ್ಸು ಏರುಪೇರಾಗುತ್ತಿರುವವರು ಅದನ್ನು ಯೋಚಿಸಿ ಆರಿಸಲಿ. ಮಾತ್ರೆಯನ್ನು ನಡುವೆ ನಿಲ್ಲಿಸಿದರೆ ಅಂದಿನಿಂದಲೇ ಕಾಂಡೋಮ್ ಬಳಸಬೇಕು.

ಸಾಯುವ ಯೋಚನೆ ಬಂದರೆ ಪಟ್ಟಿ ಮುಗಿಯಲೆಂದು ಕಾಯದೆ ಅದೇ ದಿನ ವೈದ್ಯರನ್ನು ಕಾಣಿರಿ, ಅಥವಾ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.