ಟೆಕ್ಸಸ್‌ನಲ್ಲಿ ಸಿಪಿಎಸ್ ವಿಚಾರಣೆ: ಸಹಿ ಹಾಕುವ ಮುನ್ನ

ಅಮೆರಿಕದಲ್ಲಿ ಮಕ್ಕಳ ಮೇಲೆ ಕೈಮಾಡಿದರೆ ದೂರು ಹೋಗಬಹುದೆಂಬುದು ಇಲ್ಲಿಗೆ ಬರುವ ಎಲ್ಲರಿಗೂ ಗೊತ್ತು. ಮಕ್ಕಳ ರಕ್ಷಣೆಯ ಸರ್ಕಾರಿ ಇಲಾಖೆಯಾದ ಸಿಪಿಎಸ್‌ಗೆ ದೂರು ಹೋದ ಮೇಲೆ ತಂದೆತಾಯಿಗೆ ಯಾವ ಹಕ್ಕುಗಳು ಉಳಿದಿರುತ್ತವೆ ಎಂಬುದು ಬಹುಮಂದಿಗೆ ಗೊತ್ತಿಲ್ಲ. ಸಿಪಿಎಸ್ ಅಧಿಕಾರಿಗಳು ನಿಮ್ಮ ಅನುಮತಿಯಿಲ್ಲದೆಯೇ ಶಾಲೆಯಲ್ಲಿ ಮಗುವನ್ನು ಮಾತನಾಡಿಸಬಹುದು. ಆದರೆ 2023ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಟೆಕ್ಸಸ್ ಕಾನೂನಿನಂತೆ, ಅವರು ನಿಮ್ಮನ್ನು ಮೊದಲು ಭೇಟಿಯಾದಾಗಲೇ ನಿಮ್ಮ ಹಕ್ಕುಗಳನ್ನು ತಿಳಿಸಬೇಕು. ವಕೀಲರಿಲ್ಲದೆ ಮಾತನಾಡುವುದಿಲ್ಲ ಎನ್ನಬಹುದು. ನ್ಯಾಯಾಲಯದ ಆದೇಶವೋ ತುರ್ತು ಅಪಾಯವೋ ಇಲ್ಲದಿದ್ದರೆ ಮನೆಯೊಳಗೆ ಬಿಡದಿರಬಹುದು. ಮಾತುಕತೆಯನ್ನು ರೆಕಾರ್ಡ್ ಮಾಡಿಕೊಳ್ಳಬಹುದು.

ನಮ್ಮವರು ಪದೇ ಪದೇ ಎಡವುವುದು ಮಗುವಿನ ಸುರಕ್ಷತೆಯ ಷರತ್ತುಗಳಿರುವ ‘ಸೇಫ್ಟಿ ಪ್ಲಾನ್’ ಎಂಬ ಕಾಗದದ ಮುಂದೆ. ಬಾಗಿಲಿಗೆ ಬಂದ ಸರ್ಕಾರಿ ಅಧಿಕಾರಿ ನೀಡಿದ ಕಾಗದಕ್ಕೆ ಸಹಿ ಹಾಕಿದರೆ ವಿಷಯ ಅಲ್ಲಿಗೆ ಮುಗಿಯುತ್ತದೆ ಎಂಬ ನಂಬಿಕೆಯಿಂದ, ಓದದೆಯೇ ಸಹಿ ಹಾಕುತ್ತಾರೆ. ನನ್ನ ಪರಿಚಯದ ಒಂದು ಕುಟುಂಬದಲ್ಲಿ ತಂದೆ ಮಗುವಿನೊಡನೆ ಒಂಟಿಯಾಗಿ ಇರಬಾರದೆಂಬ ಷರತ್ತಿಗೆ ಇಬ್ಬರೂ ಹೀಗೆಯೇ ಒಪ್ಪಿಕೊಂಡರು. ಮೇಲ್ವಿಚಾರಣೆಗೆ ಅಜ್ಜಿಯಾಗಲಿ ಅತ್ತೆಯಾಗಲಿ ಈ ಊರಿನಲ್ಲಿ ಇರಲಿಲ್ಲವಾದ್ದರಿಂದ ತಂದೆ ಬೇರೆಡೆ ಕೋಣೆ ಹಿಡಿಯಬೇಕಾಯಿತು; ಎರಡು ಬಾಡಿಗೆ ಕಟ್ಟುತ್ತಾ, ಆ ಷರತ್ತನ್ನು ಸಡಿಲಿಸಲು ಕೊನೆಗೂ ವಕೀಲರಿಗೆ ಹಣ ತೆರಬೇಕಾಯಿತು. ಕಾನೂನಿನ ದೃಷ್ಟಿಯಲ್ಲಿ ಈ ಒಪ್ಪಂದ ಸ್ವಇಚ್ಛೆಯದು. ಹಾಗಾಗಿ ನ್ಯಾಯಾಧೀಶರು ಸಾಕ್ಷ್ಯವನ್ನು ನೋಡುವ ಮೊದಲೇ ನೀವು ನಿರ್ಬಂಧವನ್ನು ಒಪ್ಪಿಕೊಂಡಂತಾಗುತ್ತದೆ. ಯಾವ ಕಾಗದಕ್ಕೂ ಸಹಿ ಹಾಕಲೇಬೇಕೆಂಬ ನಿಯಮವಿಲ್ಲ. ವಕೀಲರು ಅದನ್ನು ಓದುವ ತನಕ ಸಮಯ ಕೇಳುವುದು ನಿಮ್ಮ ಹಕ್ಕು. ತನಿಖೆಯ ಹಂತದಲ್ಲಿ ಸರ್ಕಾರ ವಕೀಲರನ್ನು ಒದಗಿಸುತ್ತದೆಂದು ಕಾಯಬೇಡಿ. ಮೊಕದ್ದಮೆ ಹೂಡಿದ ನಂತರವೂ ಆ ಸೌಲಭ್ಯ ಸಾಮಾನ್ಯವಾಗಿ ವಕೀಲರ ವೆಚ್ಚ ಭರಿಸಲಾಗದ ಬಡವರಿಗೆ ಮಾತ್ರ.

ಹಾಗೆಂದು ಬಾಗಿಲು ಮುಚ್ಚಿ ಮೌನವಾಗಿರುವುದು ಇನ್ನೂ ಅಪಾಯಕರ. ಅಸಹಕಾರವನ್ನೇ ಕಾರಣವಾಗಿಟ್ಟುಕೊಂಡು ಇಲಾಖೆ ನ್ಯಾಯಾಲಯದ ಮೆಟ್ಟಿಲೇರಬಹುದು. ‘ವಕೀಲರೊಂದಿಗೆ ಕುಳಿತು ಮಾತನಾಡುತ್ತೇನೆ’ ಎಂದು ಸೌಜನ್ಯದಿಂದ ತಿಳಿಸಿ, ಅದೇ ದಿನ ಕುಟುಂಬ ಕಾನೂನಿನ ವಕೀಲರನ್ನು ಸಂಪರ್ಕಿಸಿರಿ.

ಹಸುಗೂಸು ಇರುವ ಮನೆಯವರಿಗೆ ಇನ್ನೊಂದು ಮಾತು. ನಮ್ಮ ಶಿಶುಗಳ ಬೆನ್ನು, ಪೃಷ್ಠಗಳಲ್ಲಿ ಹುಟ್ಟಿನಿಂದಲೇ ಕಾಣುವ ನೀಲಿಬೂದು ಮಚ್ಚೆಗಳನ್ನು ಡೇಕೇರ್‌ನವರು ಏಟಿನ ಗುರುತೆಂದು ಭಾವಿಸುವುದುಂಟು. ಅವುಗಳನ್ನು ಮಕ್ಕಳ ವೈದ್ಯರ ದಾಖಲೆಯಲ್ಲಿ ಮೊದಲೇ ಬರೆಸಿಡಿ.

ಸಿಪಿಎಸ್‌ನವರು ಮಗುವನ್ನು ಕರೆದೊಯ್ದರೆ, ಸಾಮಾನ್ಯವಾಗಿ 14 ದಿನಗಳೊಳಗೆ ಎರಡೂ ಕಡೆಯ ವಾದ ಕೇಳುವ ವಿಚಾರಣೆ ನಡೆಯುತ್ತದೆ. ನಮ್ಮ ಭಾರತದಲ್ಲಿ 2015ರ ಬಾಲನ್ಯಾಯ ಕಾಯ್ದೆಯಂತೆ, ರಕ್ಷಣೆಗೆ ಒಳಪಡಿಸಿದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಕಾಗದದ ಮೇಲಾದರೂ ಈ ತ್ವರೆ ನನಗೆ ಮೆಚ್ಚುಗೆ. ತಂದೆತಾಯಿಗೆ ಹಕ್ಕುಗಳನ್ನು ಓದಿ ಹೇಳುವ ವಿಷಯದಲ್ಲಿ ಟೆಕ್ಸಸ್ ಮುಂದಿದೆ.

ತನಿಖೆ ಮುಗಿದಾಗ ಫಲಿತಾಂಶದ ಪತ್ರ ಬರುತ್ತದೆ. ಅದರಲ್ಲಿ ‘ರೀಸನ್ ಟು ಬಿಲೀವ್’ (ದೂರನ್ನು ನಂಬಲು ಕಾರಣವಿದೆ) ಎಂದಿದ್ದರೆ, ಮಗು ಮನೆಯಲ್ಲೇ ಉಳಿದಿದ್ದರೂ, ನಿಮ್ಮ ಹೆಸರು ರಾಜ್ಯದ ನೋಂದಣಿಯಲ್ಲಿ ಸೇರಿ ಮುಂದೆ ಮಕ್ಕಳೊಡನೆ ಕೆಲಸಮಾಡುವ ಉದ್ಯೋಗಗಳಿಗೆ ಅಡ್ಡಿಯಾಗಬಹುದು. ಪತ್ರದಲ್ಲಿ ನಮೂದಿಸಿದ ಅವಧಿಯೊಳಗೆ ಮರುಪರಿಶೀಲನೆಗೆ ಲಿಖಿತ ಅರ್ಜಿ ಸಲ್ಲಿಸಿರಿ.