ಜೆರಾಶ್‌ನ ರೋಮನ್ ಅವಶೇಷಗಳನ್ನು ನೋಡುವ ಕ್ರಮ

ಜೋರ್ಡಾನ್‌ನ ರಾಜಧಾನಿ ಅಮ್ಮಾನ್‌ನಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿರುವ ಜೆರಾಶ್, ಅಂದರೆ ಪ್ರಾಚೀನ ಗೆರಾಸಾ, ಅವಸರದಲ್ಲಿ ನೋಡಿ ಮುಗಿಸುವ ಸ್ಥಳವಲ್ಲವಾದ್ದರಿಂದ ಅದಕ್ಕೆ ಕನಿಷ್ಠ ಅರ್ಧ ದಿನವನ್ನು ಮೀಸಲಿಡಬೇಕು. ನೆರಳು ಕಡಿಮೆ, ಬೆಳಿಗ್ಗೆಯೇ ತಲುಪುವುದು ಒಳಿತು. ನೀರು, ಟೋಪಿ ಜೊತೆಗಿರಲಿ.

ಚಕ್ರವರ್ತಿ ಹೇಡ್ರಿಯನ್‌ನ ಭೇಟಿಯ ಗೌರವಾರ್ಥ ಕ್ರಿ.ಶ. 129–130ರ ಸುಮಾರಿಗೆ ಕಟ್ಟಿದ ದಕ್ಷಿಣದ ಕಮಾನಿನಿಂದ ನಡಿಗೆ ಆರಂಭಿಸಿ, ರಥದ ಓಟದ ಮೈದಾನವನ್ನು ಬಳಸಿಕೊಂಡು ಕಂಬಗಳ ಸಾಲು ಸುತ್ತುವರಿದ ಚೌಕಕ್ಕೆ ಬನ್ನಿ. ಚೌಕವೆಂದು ಕರೆದರೂ ಅದರ ಆಕಾರ ಮೊಟ್ಟೆಯದು.

ಅಲ್ಲಿಂದ ಉತ್ತರಕ್ಕೆ ಸಾಗುವ ಮುಖ್ಯ ಬೀದಿಯಲ್ಲಿ ಕಂಬಗಳನ್ನಷ್ಟೇ ನೋಡುತ್ತ ನಡೆಯದೆ ಕಾಲ ಕೆಳಗೂ ಕಣ್ಣು ಹಾಯಿಸಿ: ಓರೆಯಾಗಿ ಜೋಡಿಸಿದ ಹಾಸುಗಲ್ಲುಗಳ ಮೇಲೆ ಬಂಡಿಗಾಲಿಗಳು ಕೊರೆದ ಗೆರೆಗಳು ಇಂದಿಗೂ ಕಾಣುತ್ತವೆ, ಅವುಗಳ ಅಡಿಯಲ್ಲಿ ಚರಂಡಿ ಹಾದುಹೋಗಿದೆ.

ಎಡಗಡೆ ಕ್ರಿ.ಶ. 191ರ ಕಾರಂಜಿ ಮಂಟಪವನ್ನು ನೋಡಿದ ಬಳಿಕ ಮೆಟ್ಟಿಲೇರಿ ಗ್ರೀಕ್ ದೇವತೆ ಆರ್ಟೆಮಿಸ್‌ಳ ದೇಗುಲಕ್ಕೆ ಹೋಗಿ. ನನ್ನ ಮಟ್ಟಿಗೆ ಹೆಚ್ಚು ಸಮಯ ಸಲ್ಲಬೇಕಾದದ್ದು ಇಲ್ಲಿಗೇ. ಮುಖಮಂಟಪದ 12 ಕಂಬಗಳಲ್ಲಿ 11 ಇನ್ನೂ ನಿಂತಿವೆ. ಗಾಳಿಗೆ ಅವು ಕೂದಲೆಳೆಯಷ್ಟು ಓಲಾಡುವುದನ್ನು ತೋರಿಸಲು ಸ್ಥಳೀಯರು ಬುಡದ ಸಂದಿಗೆ ಚಮಚ ಸಿಕ್ಕಿಸುತ್ತಾರೆ. ಚಮಚದ ಹಿಡಿ ಮೆಲ್ಲಗೆ ಏರಿಳಿಯುತ್ತದೆ. ಕ್ರಿ.ಶ. 749ರ ಭೂಕಂಪ ನಗರದ ಬಹುಭಾಗವನ್ನು ಕೆಡವಿದರೂ ಇವು ಉಳಿದವು.

ಹಿಂತಿರುಗುವಾಗ ದಕ್ಷಿಣ ರಂಗಮಂದಿರದ ಮೇಲಿನ ಸಾಲಿಗೆ ಹತ್ತಿದರೆ, ನಡೆದು ಬಂದ ಹಾದಿಯೆಲ್ಲ ಒಂದೇ ನೋಟಕ್ಕೆ ದಕ್ಕುತ್ತದೆ.